ಶಾಲೆ ಬದಲಾದರೆ ಆಟ ನಿಲ್ಲಬೇಕೆ? ಅಮೆರಿಕಾದ ಪ್ರೌಢಶಾಲೆಗಳ ಕ್ರೀಡಾ ಅರ್ಹತಾ ನಿಯಮಗಳ ಒಂದು ವಿವೇಚನೆ

ಹೊರನಾಡಿನಲ್ಲಿ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ಅಮೆರಿಕಾದಲ್ಲಿ ಸಂಸಾರ ಹೂಡಿರುವ ಮನೆಗಳು ಇಂದು ವಿರಳವಲ್ಲ. ಅಲ್ಲಿಂದ ಬರುವ ವಾರದ ದೂರವಾಣಿ ಕರೆಯಲ್ಲಿ ಮೊಮ್ಮಕ್ಕಳ ಓದಿನಷ್ಟೇ ಅವರ ಆಟದ ಸುದ್ದಿಯೂ ಇರುತ್ತದೆ. ಟೆನಿಸ್, ಈಜು, ಬ್ಯಾಡ್ಮಿಂಟನ್, ದೂರದ ಓಟ ಇವುಗಳಲ್ಲಿ ಶಾಲೆಯ ತಂಡಕ್ಕೆ ಆಯ್ಕೆಯಾಗುವುದು ಅಲ್ಲಿನ ಮಕ್ಕಳ ಪಾಲಿಗೆ ದೊಡ್ಡ ಗೌರವ. ಆದರೆ ತಂದೆತಾಯಿಯ ಉದ್ಯೋಗ ಬದಲಾಗಿ ಊರು ಬಿಡಬೇಕಾದಾಗ, ಹೊಸ ಶಾಲೆಯಲ್ಲಿ ಪ್ರವೇಶ ಸುಲಭವಾಗಿ ದೊರೆತರೂ ಆಟದ ಅಂಗಳಕ್ಕೆ ಇಳಿಯಲು ಅನುಮತಿ ದೊರೆಯದೆ ಹೋಗಬಹುದು. ತಪ್ಪೇನೂ ಮಾಡದ ಮಗುವಿಗೆ ಈ ತಡೆ ಏಕೆ ಎಂದು ಇಲ್ಲಿ ಕುಳಿತ ಹಿರಿಯರು ಕೇಳುವುದು ಸಹಜ. ಈ ಪ್ರಶ್ನೆ ಅಮೆರಿಕಾದಲ್ಲಿಯೂ ಕೆಲವು ವರ್ಷಗಳಿಂದ ಶಾಸನಸಭೆ, ನ್ಯಾಯಾಲಯಗಳ ತನಕ ಹೋಗಿ ಬಿಸಿಯಾಗಿ ಚರ್ಚೆಗೊಳಗಾಗಿದೆ. ಅದರ ಒಳಹೊರಗನ್ನು ನಾವು ಇಲ್ಲಿ ಪರಿಶೀಲಿಸೋಣ.

ನಿಯಮ ಮಾಡುವವರು ಯಾರು?

ಅಮೆರಿಕಾದಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳು. ಈ ಮಟ್ಟದ ಕ್ರೀಡೆಯನ್ನು ಕೇಂದ್ರ ಸರಕಾರ ನಡೆಸುವುದಿಲ್ಲ. 1920ರಲ್ಲಿ ಹುಟ್ಟಿ ಈಗ ಇಂಡಿಯಾನಾಪೊಲಿಸ್ ನಗರದಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಒಕ್ಕೂಟವೊಂದುಂಟು. ಐವತ್ತು ರಾಜ್ಯಗಳ ಮತ್ತು ರಾಜಧಾನಿ ವಾಷಿಂಗ್ಟನ್ನಿನ ಸಂಘಗಳು ಅದರ ಸದಸ್ಯರು. ಆದರೆ ಆ ಒಕ್ಕೂಟ ರಚಿಸುವುದು ಆಟ ಆಡುವ ನಿಯಮಗಳನ್ನು ಮಾತ್ರ. ಯಾರು ಆಡಬಹುದು, ಯಾರು ಆಡಬಾರದು ಎಂಬ ನಿರ್ಧಾರ ಆಯಾ ರಾಜ್ಯದ ಸಂಘದ್ದು. ಹೀಗಾಗಿ ಟೆಕ್ಸಾಸಿನಲ್ಲಿ ನಡೆಯುವುದು ಕ್ಯಾಲಿಫೋರ್ನಿಯಾದಲ್ಲಿ ನಡೆಯದು, ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದು ಫ್ಲಾರಿಡಾದಲ್ಲಿ ನಡೆಯದು. ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ಶಾಲಾ ಕ್ರೀಡೆಗಳಲ್ಲಿ ಭಾಗವಹಿಸುವ ದೇಶದಲ್ಲಿ ಈ ವೈವಿಧ್ಯವೇ ಅರ್ಧ ಗೊಂದಲಕ್ಕೆ ಕಾರಣವಾಗಿದೆ.

ನಮ್ಮ ದೇಶದಲ್ಲಿ ಶಾಲೆ ಬದಲಿಸುವ ವಿದ್ಯಾರ್ಥಿಗೆ ಮುಖ್ಯವಾಗಿ ಬೇಕಾದದ್ದು ಟಿ.ಸಿ. ಶಾಲಾ ಕ್ರೀಡೆಯಲ್ಲಿ ನಮ್ಮನ್ನು ಕಾಡಿರುವ ದೊಡ್ಡ ಪಿಡುಗು ವಯಸ್ಸಿನ ಸುಳ್ಳು ದಾಖಲೆಯೇ ಹೊರತು ಶಾಲಾಂತರವಲ್ಲ. ಕಿರಿಯರ ಕ್ರಿಕೆಟ್ಟಿನಲ್ಲಿ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡುವ ಪರಿಸ್ಥಿತಿ ಬಂದದ್ದು ಅದರಿಂದಲೇ. ತಂಡ ಬದಲಿಸುವ ಪ್ರಶ್ನೆ ನಮಗೆ ಪರಿಚಿತವಾಗಿರುವುದು ಹಿರಿಯರ ಆಟದಲ್ಲಿ. ಕರ್ನಾಟಕದ ಕರುಣ್ ನಾಯರ್ 2023ರಲ್ಲಿ ವಿದರ್ಭಕ್ಕೆ ಹೋಗಿ, 2025ರಲ್ಲಿ ಮರಳಿ ತವರು ತಂಡ ಸೇರಿದಾಗ ನಿರಾಕ್ಷೇಪಣಾ ಪತ್ರದ ಮಾತು ಪತ್ರಿಕೆಗಳಲ್ಲಿ ಬಂದದ್ದನ್ನು ಓದುಗರು ನೆನೆಯಬಹುದು. ಅಮೆರಿಕಾದಲ್ಲಿ ಅಂಥದೇ ತಪಾಸಣೆ ಹದಿನಾಲ್ಕು, ಹದಿನೈದು ವರ್ಷದ ಹುಡುಗ ಹುಡುಗಿಯರ ಮೇಲೆ ನಡೆಯುತ್ತದೆ ಎಂಬುದೇ ವಿಶೇಷ.

ನಿಯಮದ ಹಿಂದಿನ ಕಾರಣ

ಇಂಥ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಅಲ್ಲಿನ ಸಣ್ಣ ಊರುಗಳಲ್ಲಿ ಶಾಲೆಯ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಪಂದ್ಯವೆಂದರೆ ನಮ್ಮೂರಿನ ಜಾತ್ರೆಯಿದ್ದಂತೆ. ಊರಿಗೆ ಊರೇ ಸೇರುತ್ತದೆ. ಗೆಲುವಿನ ಹಂಬಲ ಹೆಚ್ಚಿದಲ್ಲಿ ಆಟಗಾರರನ್ನು ಹೊರಗಿನಿಂದ ಕರೆತರುವ ಚಾಳಿಯೂ ಹುಟ್ಟುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲೆಗೆ ಸೇರದವರನ್ನೂ ವಯಸ್ಸು ಮೀರಿದವರನ್ನೂ ಆಡಿಸುವುದು ಸಾಮಾನ್ಯವಾಗಿತ್ತು. ಅದನ್ನು ತಡೆಯಲೆಂದೇ ರಾಜ್ಯ ಸಂಘಗಳು ಹುಟ್ಟಿದುವು. ವಯೋಮಿತಿ, ಅಂಕಗಳ ಮಿತಿ, ಒಟ್ಟು ಎಂಟು ಸೆಮಿಸ್ಟರುಗಳ ಮಿತಿ, ವಾಸಸ್ಥಳದ ನಿಬಂಧನೆ ಇವೆಲ್ಲ ಒಂದೊಂದಾಗಿ ಬಂದುವು. ಶಾಲೆ ಬದಲಿಸಿದವರನ್ನು ಕೆಲಕಾಲ ಆಟದಿಂದ ದೂರವಿಡುವ ನಿಯಮ ಈ ಸರಣಿಯಲ್ಲೇ ಸೇರಿದೆ.

ನಿಯಮ ರಕ್ಷಿಸಬಯಸುವುದು ಇಬ್ಬರನ್ನು. ಒಬ್ಬರು, ಆಟಕ್ಕಾಗಿ ಶಾಲೆಯಿಂದ ಶಾಲೆಗೆ ಎಳೆದಾಡಲ್ಪಡುವ ಪ್ರತಿಭಾವಂತ ಮಗು. ಇನ್ನೊಬ್ಬರು, ಮೂರು ವರ್ಷ ಬೆವರು ಸುರಿಸಿ, ಕೊನೆಯ ವರ್ಷದಲ್ಲಿ ತನ್ನ ಸರದಿ ಬಂತೆಂದು ಕಾದಿರುವಾಗ ಹೊರಗಿನಿಂದ ಬಂದವನಿಗೆ ಸ್ಥಾನ ಬಿಟ್ಟುಕೊಡಬೇಕಾದ ಸಾಮಾನ್ಯ ಮಗು. ಈ ಎರಡನೆಯ ಮಗುವಿನ ಪರವಾಗಿ ಪತ್ರಿಕೆಗಳಲ್ಲಿ ಯಾರೂ ಬರೆಯುವುದಿಲ್ಲ, ವಕೀಲರೂ ಬರುವುದಿಲ್ಲ. ನಿಯಮವನ್ನು ಟೀಕಿಸುವ ಮೊದಲು ನಾವು ಅದನ್ನು ನೆನಪಿನಲ್ಲಿಡಬೇಕು.

ಈ ಸಂಘಗಳ ಅಧಿಕಾರವೆಷ್ಟು ಎಂಬ ಪ್ರಶ್ನೆ ಅಮೆರಿಕಾದ ಸುಪ್ರೀಂ ಕೋರ್ಟಿನ ಕಟ್ಟೆಯನ್ನೂ ಏರಿದೆ. 1997ರಲ್ಲಿ ಟೆನ್ನೆಸ್ಸೀ ರಾಜ್ಯದ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಫುಟ್‌ಬಾಲ್ ತರಬೇತುದಾರರು, ಮುಂದಿನ ವರ್ಷ ಶಾಲೆಗೆ ಸೇರಲಿದ್ದ ಎಂಟನೆಯ ತರಗತಿಯ ಹುಡುಗರಿಗೆ ಅಭ್ಯಾಸಕ್ಕೆ ಬನ್ನಿರೆಂದು ಪತ್ರ ಬರೆದರು. ಆಟಗಾರರನ್ನು ಸೆಳೆಯಬಾರದೆಂಬ ನಿಯಮ ಮುರಿಯಿತೆಂದು ರಾಜ್ಯ ಸಂಘ ಶಾಲೆಯ ಮೇಲೆ ದಂಡ ಹಾಕಿತು. ಶಾಲೆ ನ್ಯಾಯಾಲಯಕ್ಕೆ ಹೋಯಿತು. ಸಂಘವು ಹೆಸರಿಗೆ ಖಾಸಗಿಯಾದರೂ ಸರಕಾರಿ ಸಂಸ್ಥೆಯಂತೆಯೇ ವರ್ತಿಸುವುದರಿಂದ ಸಂವಿಧಾನದ ಕಟ್ಟುಪಾಡಿಗೆ ಒಳಪಡುತ್ತದೆ ಎಂದು 2001ರಲ್ಲಿ ಐದು-ನಾಲ್ಕು ಬಹುಮತದ ತೀರ್ಪು ಬಂತು. ಆದರೆ 2007ರಲ್ಲಿ ಅದೇ ಮೊಕದ್ದಮೆ ಮತ್ತೆ ಬಂದಾಗ, ಆಟಗಾರರನ್ನು ಸೆಳೆಯುವುದನ್ನು ನಿಷೇಧಿಸುವ ನಿಯಮ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವಲ್ಲ ಎಂದು ಸಂಘದ ಪರ ತೀರ್ಪಾಯಿತು. ಎರಡೂ ತೀರ್ಪುಗಳನ್ನು ಜೊತೆಗಿಟ್ಟು ನೋಡಿದರೆ ಸಾರ ಇಷ್ಟು: ಸಂಘ ನ್ಯಾಯಯುತ ವಿಧಾನವನ್ನು ಅನುಸರಿಸಬೇಕು, ಆದರೆ ನಿಯಮ ಮಾಡುವ ಹಕ್ಕು ಅದಕ್ಕಿದೆ. ಶಿಕ್ಷಣ ಪಡೆಯುವುದಕ್ಕೆ ಇರುವ ಸಾಂವಿಧಾನಿಕ ರಕ್ಷಣೆ ಶಾಲಾ ತಂಡದಲ್ಲಿ ಆಡುವುದಕ್ಕೆ ಇಲ್ಲ ಎಂಬುದೇ ಅಲ್ಲಿನ ನ್ಯಾಯಾಲಯಗಳ ಸಾಮಾನ್ಯ ಅಭಿಪ್ರಾಯ. ಹಾಗಾಗಿ ನ್ಯಾಯಾಲಯದಲ್ಲಿ ನೋಡಿಕೊಳ್ಳೋಣ ಎಂಬ ಧೈರ್ಯ ಅನೇಕ ಸಲ ನಿರಾಶೆಯಲ್ಲೇ ಮುಗಿಯುತ್ತದೆ.

ಮೂರು ರಾಜ್ಯ, ಮೂರು ದಾರಿ

ಟೆಕ್ಸಾಸಿನ ಶಾಲಾ ಕ್ರೀಡೆಗಳನ್ನು ನಡೆಸುವ ಸಂಸ್ಥೆ 1910ರಿಂದ ಅಲ್ಲಿನ ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಹಳೆಯ ಶಾಲೆಯಲ್ಲಿ ಆಡಿದ್ದ ವಿದ್ಯಾರ್ಥಿ ಹೊಸ ಶಾಲೆಯ ಮುಖ್ಯ ತಂಡಕ್ಕೆ, ಅಂದರೆ ವಾರ್ಸಿಟಿಗೆ, ಆಡಬೇಕಾದರೆ ಹಿಂದಿನ ಕ್ರೀಡಾ ಚಟುವಟಿಕೆಯ ವಿವರವುಳ್ಳ ನಮೂನೆಯೊಂದನ್ನು ತುಂಬಬೇಕು. ಹಳೆಯ ಶಾಲೆಯ ಅಭಿಪ್ರಾಯವನ್ನೂ ಕೇಳಲಾಗುತ್ತದೆ. ಆಟದ ಉದ್ದೇಶದಿಂದಲೇ ಶಾಲೆ ಬದಲಿಸಿದ್ದು ಎಂದು ತೀರ್ಮಾನವಾದರೆ ಕನಿಷ್ಠ ಒಂದು ವರ್ಷ ಮುಖ್ಯ ತಂಡದ ಬಾಗಿಲು ಮುಚ್ಚುತ್ತದೆ. ಕಿರಿಯ ತಂಡದಲ್ಲಿ ಆಡಬಹುದು. ತಂದೆತಾಯಿ ನಿಜವಾಗಿಯೂ ಮನೆ ಬದಲಿಸಿದ್ದರೂ ಉದ್ದೇಶದ ಪ್ರಶ್ನೆ ಉಳಿದೇ ಇರುತ್ತದೆ. ಇದನ್ನು ಮೊದಲು ವಿಚಾರಿಸುವ ಜಿಲ್ಲಾ ಸಮಿತಿಯಲ್ಲಿ ಕುಳಿತುಕೊಳ್ಳುವವರು ಅದೇ ಗುಂಪಿನಲ್ಲಿ ಆಡುವ ಶಾಲೆಗಳ ಆಡಳಿತಾಧಿಕಾರಿಗಳು. ಎದುರಾಳಿ ತಂಡದ ಒಳ್ಳೆಯ ಆಟಗಾರ ಆಡಬಹುದೇ ಎಂದು ಸ್ಪರ್ಧಿಗಳೇ ಮತ ಹಾಕುವ ವ್ಯವಸ್ಥೆ ಇದು. ಮೇಲ್ಮನವಿಗೆ ರಾಜ್ಯ ಸಮಿತಿಯಿದೆ ನಿಜ. ಆದರೆ ಅದರ ತೀರ್ಪು ಬರುವಷ್ಟರಲ್ಲಿ ಕ್ರೀಡಾಋತುವಿನ ಒಂದಷ್ಟು ಪಂದ್ಯಗಳು ಮುಗಿದಿರಬಹುದು.

ಕ್ಯಾಲಿಫೋರ್ನಿಯಾದ ದಾರಿ ಬೇರೆ. ಇಡೀ ಕುಟುಂಬ ಹಳೆಯ ಮನೆ ಬಿಟ್ಟು ಹೊಸ ಶಾಲೆಯ ವ್ಯಾಪ್ತಿಗೆ ಬಂದಿದ್ದರೆ ಮಗು ಕೂಡಲೇ ಆಡಬಹುದು. ಮನೆ ಬದಲಿಸದೆ ಶಾಲೆ ಮಾತ್ರ ಬದಲಿಸಿದರೆ, ಮೊದಲನೆಯ ಸಲವಾದಲ್ಲಿ, ಋತುವಿನ ಸುಮಾರು ಅರ್ಧ ಭಾಗ ಹೊರಗೆ ಕುಳಿತು ಅನಂತರ ಆಡಬಹುದು. ಎರಡನೆಯ ಸಲವಾದರೆ ಒಂದು ವರ್ಷ ಕಿರಿಯ ತಂಡಕ್ಕಷ್ಟೇ ಅವಕಾಶ. ಇಲ್ಲಿ ಉದ್ದೇಶವನ್ನು ಕೆದಕುವ ಕೆಲಸ ಕಡಿಮೆ, ಶಿಕ್ಷೆಯೂ ಅಳತೆಯಲ್ಲಿದೆ. ಆದರೆ ಸುಳ್ಳು ದಾಖಲೆ ಕೊಟ್ಟವರಿಗೆ ಮಾತ್ರ ಕರುಣೆಯಿಲ್ಲ. ಗರಿಷ್ಠ 24 ತಿಂಗಳವರೆಗೆ ಅನರ್ಹತೆ ವಿಧಿಸಬಹುದು. 2025ರ ಫುಟ್‌ಬಾಲ್ ಋತುವಿನಲ್ಲಿ ಆ ರಾಜ್ಯದ ದಕ್ಷಿಣ ವಿಭಾಗವು ಹಲವು ಶಾಲೆಗಳ ಆಟಗಾರರನ್ನು ಈ ಕಾರಣಕ್ಕಾಗಿಯೇ ಅನರ್ಹಗೊಳಿಸಿ ದೇಶದ ಗಮನ ಸೆಳೆಯಿತು. ವಾಸಸ್ಥಳದ ಕಾಗದಗಳನ್ನು ಸಲ್ಲಿಸಿದವರು ಹಿರಿಯರು. ಆಟ ಕಳೆದುಕೊಂಡವರು ಮಕ್ಕಳು.

ಫ್ಲಾರಿಡಾ ಇದಕ್ಕೆ ತದ್ವಿರುದ್ಧ. 2016ರಲ್ಲಿ ಅಲ್ಲಿನ ಶಾಸನಸಭೆ ಮಾಡಿದ ಕಾನೂನಿನಂತೆ, ಸ್ಥಳಾವಕಾಶವಿರುವ ಯಾವುದೇ ಸರಕಾರಿ ಶಾಲೆಯನ್ನು ಪೋಷಕರು ಆರಿಸಿಕೊಳ್ಳಬಹುದು. ಸೇರಿದ ವಿದ್ಯಾರ್ಥಿ ಕೂಡಲೇ ಆಡಬಹುದು. ಒಂದೇ ವರ್ಷದಲ್ಲಿ ಒಂದೇ ಆಟವನ್ನು ಎರಡು ಶಾಲೆಗಳ ಪರವಾಗಿ ಆಡಬಾರದು ಎಂಬುದೇ ಮುಖ್ಯ ಕಟ್ಟಳೆ. ಅದಕ್ಕೂ ಸೈನಿಕ ಕುಟುಂಬ, ನ್ಯಾಯಾಲಯದ ಆದೇಶ ಮುಂತಾದ ವಿನಾಯಿತಿಗಳಿವೆ. ಶಾಲೆಯ ಆಯ್ಕೆ ಪೋಷಕರ ಹಕ್ಕು ಎಂಬ ರಾಜಕೀಯ ವಾದ ಬಲಗೊಂಡಂತೆಲ್ಲ ಉಳಿದ ರಾಜ್ಯಗಳ ಮೇಲೂ ಅದರ ಒತ್ತಡ ಬಿದ್ದಿದೆ. ವೆಸ್ಟ್ ವರ್ಜೀನಿಯಾ 2023ರಲ್ಲಿ, ಇಂಡಿಯಾನ 2025ರಲ್ಲಿ, ವಿದ್ಯಾರ್ಥಿಯು ಒಂದು ಸಲ ಶಾಲೆ ಬದಲಿಸಿದರೆ ಆಟಕ್ಕೆ ಅಡ್ಡಿಯಿಲ್ಲವೆಂಬ ನಿಲುವಿಗೆ ಬಂದುವು. ವೆಸ್ಟ್ ವರ್ಜೀನಿಯಾದಲ್ಲಿ ಬೇಗನೆ ಮತ್ತೊಂದು ದೂರು ಕೇಳಿಬಂತು. ಬಲಿಷ್ಠ ತಂಡಗಳು ಇನ್ನಷ್ಟು ಬಲಿತುವು, ಸಣ್ಣ ಊರಿನ ಶಾಲೆಗಳು ಸೊರಗಿದುವು, ಪಂದ್ಯಗಳು ಏಕಪಕ್ಷೀಯವಾದುವು ಎಂಬುದು ಅಲ್ಲಿನ ತರಬೇತುದಾರರ ಅಳಲು.

ಇದರ ಹಿಂದೆ ಹಣದ ನೆರಳೂ ಇದೆ. ಕಾಲೇಜು ಕ್ರೀಡಾಪಟುಗಳು 2021ರಿಂದ ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸಿಕೊಂಡು ಹಣ ಗಳಿಸಬಹುದಾಗಿದೆ. ಶಾಲೆ ಬದಲಿಸಿದ ವರ್ಷವೇ ಆಡುವ ಸ್ವಾತಂತ್ರ್ಯವೂ ಅವರಿಗೆ ಹಂತಹಂತವಾಗಿ ದೊರೆತಿದೆ. 2025ರ ಜೂನ್ ತಿಂಗಳಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡತೊಡಗಿವೆ. ಜಾಹೀರಾತಿನಿಂದ ಗಳಿಸುವ ಅವಕಾಶ ಅನೇಕ ರಾಜ್ಯಗಳಲ್ಲಿ ಪ್ರೌಢಶಾಲೆಯ ಮಕ್ಕಳಿಗೂ ಬಂದಿದೆ. ಮೇಲಿನ ಅಟ್ಟದಲ್ಲಿ ಹಣ ಸುರಿಯತೊಡಗಿದರೆ ಕೆಳಗಿನ ಮೆಟ್ಟಿಲಿನಲ್ಲಿ ನೂಕುನುಗ್ಗಲು ತಪ್ಪೀತೆ?

ನಮ್ಮವರಿಗೆ ತಟ್ಟುವ ಸಂದರ್ಭಗಳು

ಈಗ ನಮ್ಮ ಕುಟುಂಬಗಳ ವಿಚಾರಕ್ಕೆ ಬರೋಣ. ಎಚ್-1ಬಿ ವೀಸಾದ ಮೇಲಿರುವವರ ಮಕ್ಕಳು ಎಚ್-4 ವೀಸಾದಲ್ಲಿದ್ದು ಸ್ಥಳೀಯ ಸರಕಾರಿ ಶಾಲೆಯಲ್ಲಿ ಓದುತ್ತಾರೆ. ತಂದೆತಾಯಿಯ ಜೊತೆಗೆ ವಾಸವಿದ್ದರೆ ಆಟಕ್ಕೆ ಅಡ್ಡಿಯಿಲ್ಲ. ತೊಡಕು ಬರುವುದು ಉದ್ಯೋಗ ಹೋದಾಗ. ಬೇರೆ ಉದ್ಯೋಗ ಹುಡುಕಿಕೊಳ್ಳಲು ಅವರಿಗೆ ದೊರೆಯುವ ಕಾಲಾವಕಾಶ ಗರಿಷ್ಠ 60 ದಿನ. ಹೊಸ ಕೆಲಸ ಬೇರೆ ರಾಜ್ಯದಲ್ಲಿ ಸಿಕ್ಕಿದರೆ ತಂದೆ ಮೊದಲು ಹೊರಡುತ್ತಾನೆ. ಮನೆಯ ಬಾಡಿಗೆ ಕರಾರು ಮುಗಿಯಲೆಂದು ತಾಯಿ ಹಳೆಯ ಊರಿನಲ್ಲೇ ಉಳಿಯುತ್ತಾಳೆ. ಮಗು ಇಬ್ಬರಲ್ಲಿ ಒಬ್ಬರ ಬಳಿ ಇರುತ್ತದೆ. ನಮ್ಮಲ್ಲಿ ಬ್ಯಾಂಕು, ರೈಲ್ವೆ, ಕೇಂದ್ರ ಸರಕಾರದ ನೌಕರಿಯಲ್ಲಿ ವರ್ಗವಾದಾಗ ಅನುಸರಿಸುವ ಕ್ರಮವೇ ಇದು. ಆದರೆ ಇಡೀ ಕುಟುಂಬ ಹಳೆಯ ಮನೆಯನ್ನು ತೊರೆದಿರಬೇಕು ಎಂದು ಕೇಳುವ ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ, ಹಳೆಯ ಮನೆಯಲ್ಲಿ ಉಳಿದ ತಾಯಿಯೇ ಮಗುವಿನ ಆಟಕ್ಕೆ ಅಡ್ಡಿಯಾಗಿ ಕಾಣಬಹುದು.

ಎರಡನೆಯದು, ನಮ್ಮ ಸಂಪ್ರದಾಯದೊಳಗಿಂದಲೇ ಹುಟ್ಟುವ ತೊಡಕು. ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ಮನೆಯಲ್ಲಿಟ್ಟುಕೊಂಡು ಓದಿಸುವುದು ನಮ್ಮಲ್ಲಿ ಪುಣ್ಯದ ಕೆಲಸ. ಮುಂಬಯಿ, ಬೆಂಗಳೂರುಗಳಲ್ಲಿ ಚಿಕ್ಕಪ್ಪನ ಮನೆ, ಸೋದರಮಾವನ ಮನೆಯಲ್ಲಿದ್ದು ಓದಿ ಮೇಲೆ ಬಂದವರು ನಮ್ಮಲ್ಲಿ ಅದೆಷ್ಟು ಮಂದಿ! ಆದರೆ ಅಮೆರಿಕಾದ ನಿಯಮಪುಸ್ತಕದಲ್ಲಿ ಚಿಕ್ಕಪ್ಪನೆಂದರೆ ಪೋಷಕನಲ್ಲ. ತಂದೆತಾಯಿ ಅಥವಾ ನ್ಯಾಯಾಲಯ ನೇಮಿಸಿದ ಪಾಲಕನ ವಾಸಸ್ಥಳವನ್ನಷ್ಟೇ ಹೆಚ್ಚಿನ ರಾಜ್ಯಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಇನ್ನು ಭಾರತದಿಂದ ನೇರವಾಗಿ ಎಫ್-1 ವೀಸಾದಲ್ಲಿ ಹೋಗುವ ಮಗು ಸರಕಾರಿ ಹೈಸ್ಕೂಲಿನಲ್ಲಿ ಒಟ್ಟು 12 ತಿಂಗಳಿಗಿಂತ ಹೆಚ್ಚು ಓದುವಂತಿಲ್ಲ. ಅದರ ಪೂರ್ಣ ವೆಚ್ಚವನ್ನೂ ಭರಿಸಬೇಕು. ಆಟದ ಪ್ರಶ್ನೆ ಆಮೇಲಿನದು.

ಮೂರನೆಯದು ತರಗತಿಯ ಲೆಕ್ಕ. ನಮ್ಮ ಶಾಲಾ ವರ್ಷ ಬೇಸಗೆಯ ಆರಂಭದಲ್ಲಿ ಮುಗಿಯುತ್ತದೆ, ಅವರದು ಆಗಸ್ಟ್ ಹೊತ್ತಿಗೆ ತೊಡಗುತ್ತದೆ. ಇಲ್ಲಿ ಒಂಬತ್ತನೆಯ ತರಗತಿ ಮುಗಿಸಿ ಹೋದ ಮಗುವನ್ನು, ಹೊಸ ವಾತಾವರಣಕ್ಕೆ ಹೊಂದಿಕೊಳ್ಳಲಿ ಎಂದು, ಅಲ್ಲಿ ಮತ್ತೆ ಒಂಬತ್ತಕ್ಕೇ ಸೇರಿಸುವ ಪೋಷಕರಿದ್ದಾರೆ. ಓದಿನ ದೃಷ್ಟಿಯಿಂದ ಇದು ಸರಿಯಿರಬಹುದು. ಆದರೆ ಎಂಟು ಸೆಮಿಸ್ಟರುಗಳ ಗಡಿಯಾರ ಮಗು ಮೊದಲ ಸಲ ಒಂಬತ್ತನೆಯ ತರಗತಿ ಹೊಕ್ಕಂದಿನಿಂದ ಓಡುತ್ತದೆ ಎಂಬುದು ಸಾಮಾನ್ಯ ನಿಯಮ. ಹಾಗಾದಾಗ ಹನ್ನೆರಡನೆಯ ತರಗತಿಯಲ್ಲಿ, ಆಟ ಪಕ್ವವಾದ ಹೊತ್ತಿನಲ್ಲಿ, ಅರ್ಹತೆ ಮುಗಿದಿರುತ್ತದೆ.

ನಮ್ಮ ಅಭಿಪ್ರಾಯ

ನಿಯಮವೇ ಬೇಡ ಎನ್ನುವವರ ಜೊತೆ ನಾವು ನಿಲ್ಲಲಾರೆವು. ಬೇಲಿಯಿಲ್ಲದ ಹೊಲದಲ್ಲಿ ಮೊದಲು ಹಾಳಾಗುವುದು ಬಡವನ ಬೆಳೆ. ಬಲವುಳ್ಳ ಶಾಲೆಗಳ ಪೈಪೋಟಿಯಲ್ಲಿ ಮೊದಲು ಸೋಲುವುದು ಸಣ್ಣ ಊರಿನ ಶಾಲೆ. ಆದರೆ ಇಡೀ ವರ್ಷ ಹೊರಗಿಡುವ ಶಿಕ್ಷೆಯನ್ನೂ ನಾವು ಒಪ್ಪಲಾರೆವು. ನಾಲ್ಕೇ ವರ್ಷದ ಅವಧಿಯಲ್ಲಿ ಒಂದು ವರ್ಷವೆಂದರೆ ಕಾಲು ಭಾಗ. ಮನೆ ಬದಲಿಸಿದ ತೀರ್ಮಾನ ದೊಡ್ಡವರದು, ಅದರ ದಂಡ ತೆರುವವನು ಹದಿನೈದರ ಹುಡುಗ ಎಂಬುದು ಯಾವ ನ್ಯಾಯ? ಹೊಸ ಊರು, ಹೊಸ ಶಾಲೆ, ಪರಿಚಯದವರಿಲ್ಲದ ಊಟದ ಕೊಠಡಿ – ಇಂಥ ಹೊತ್ತಿನಲ್ಲಿ ಗೆಳೆಯರನ್ನು ದೊರಕಿಸಿಕೊಡುವ ದಾರಿ ಆಟದ ತಂಡ. ಅದನ್ನೇ ಮುಚ್ಚುವುದು ಶಾಲೆಯ ಉದ್ದೇಶಕ್ಕೆ ತಕ್ಕುದಲ್ಲ.

ಮಧ್ಯಮಾರ್ಗ ಸಾಧ್ಯವೆಂಬುದಕ್ಕೆ ಅಮೆರಿಕಾದಲ್ಲೇ ನಿದರ್ಶನವಿದೆ. ಸೈನಿಕರ ಮಕ್ಕಳು ಪದೇ ಪದೇ ಶಾಲೆ ಬದಲಿಸಬೇಕಾಗುವುದನ್ನು ಮನಗಂಡು 2008ರಲ್ಲಿ ಜಾರಿಗೆ ಬಂದ ಅಂತರರಾಜ್ಯ ಒಡಂಬಡಿಕೆಯೊಂದಕ್ಕೆ ಈಗ ಐವತ್ತೂ ರಾಜ್ಯಗಳು ಸಹಿ ಹಾಕಿವೆ. ಅರ್ಹರಾದ ಆ ಮಕ್ಕಳಿಗೆ ಪಠ್ಯೇತರ ಚಟುವಟಿಕೆಗಳಲ್ಲಿ, ಅರ್ಜಿಯ ಗಡುವು ಮೀರಿದ್ದರೂ, ಅವಕಾಶ ಮಾಡಿಕೊಡಬೇಕೆಂಬುದು ಅದರ ಆಶಯ. ಉದ್ಯೋಗ ಕಳೆದುಕೊಂಡು ಊರು ಬಿಡುವ ಕುಟುಂಬದ ಮಗುವಿಗೂ ಅದೇ ಔದಾರ್ಯ ತೋರಿದರೆ ಆಕಾಶ ಕಳಚಿ ಬೀಳದು. ಮೊದಲನೆಯ ವರ್ಗಾವಣೆಗೆ, ಅದು ಋತು ಆರಂಭವಾಗುವ ಮುನ್ನವಾದರೆ, ಪೂರ್ಣ ಅವಕಾಶ. ಎರಡನೆಯದಕ್ಕೆ ಅರ್ಧ ಋತುವಿನ ಕಾಯುವಿಕೆ. ವಿಚಾರಣೆಗೆ ಸ್ಪರ್ಧಿ ಶಾಲೆಗಳವರಲ್ಲದ ಸಮಿತಿ. ಆಮಿಷ ಒಡ್ಡಿದ ತರಬೇತುದಾರನಿಗೆ ಮತ್ತು ಶಾಲೆಗೆ ಮಗುವಿಗಿಂತ ಹೆಚ್ಚಿನ ದಂಡ – ಇಷ್ಟಾದರೆ ಆ ಹೊಸ ಮಗುವಿಗೂ ಸರದಿ ಕಾಯುತ್ತಿರುವ ಹಳೆಯ ಮಗುವಿಗೂ ಹೆಚ್ಚು ಕಡಿಮೆ ನ್ಯಾಯ ಸಿಕ್ಕೀತು.

ಅಲ್ಲಿರುವ ನಮ್ಮ ಮಕ್ಕಳಿಗೆ ಇಲ್ಲಿನ ಹಿರಿಯರು ಹೇಳಬಹುದಾದ ಮಾತುಗಳೂ ಕೆಲವಿವೆ. ಮನೆ ಬದಲಿಸುವ ಮೊದಲೇ ಹೊಸ ಶಾಲೆಯ ಕ್ರೀಡಾ ನಿರ್ದೇಶಕರನ್ನು ಕಂಡು ಆ ರಾಜ್ಯದ ನಿಯಮ ಕೇಳಿಕೊಳ್ಳಬೇಕು. ತಂಡದ ತರಬೇತುದಾರರ ಬಾಯಿಮಾತನ್ನು ನೆಚ್ಚಬಾರದು. ಶಾಲೆಯವರು ಏನೇ ಹೇಳಿದರೂ ಬರಹದಲ್ಲಿ ಪಡೆಯಬೇಕು. ಹಳೆಯ ಮನೆಯ ಕರಾರು ಮುಗಿದ ಪತ್ರ, ಹೊಸ ಮನೆಯ ಕರಾರು, ವಿದ್ಯುತ್ ಬಿಲ್ಲು, ಉದ್ಯೋಗದ ಆದೇಶ ಇವನ್ನು ಜೋಪಾನವಾಗಿಡಬೇಕು. ಎಲ್ಲಕ್ಕೂ ಮಿಗಿಲಾಗಿ, ಗೆಳೆಯರ ಮನೆಯ ವಿಳಾಸ ಕೊಟ್ಟು ಒಳ್ಳೆಯ ತಂಡವುಳ್ಳ ಶಾಲೆಗೆ ಸೇರಿಸುವ ಉಪಾಯಕ್ಕೆ ಕೈ ಹಾಕಬಾರದು. ಕ್ರೀಡೆಯಿಂದ ಕಾಲೇಜಿನ ವಿದ್ಯಾರ್ಥಿವೇತನ ಸಿಗುತ್ತದೆಂಬ ಆಸೆ ಇದರ ಹಿಂದಿರುತ್ತದೆ. ಆದರೆ ಹೈಸ್ಕೂಲಿನಲ್ಲಿ ಆಡುವವರ ಪೈಕಿ ಮುಂದೆ ಕಾಲೇಜು ತಂಡದಲ್ಲಿ ಆಡುವವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ವಿದ್ಯಾರ್ಥಿವೇತನ ಪಡೆಯುವವರು ಅದಕ್ಕಿಂತಲೂ ವಿರಳ. ಆ ದುರ್ಲಭ ಫಲಕ್ಕಾಗಿ ಮಗುವಿನ ಎದುರಿನಲ್ಲೇ ಸುಳ್ಳು ಕಾಗದಕ್ಕೆ ಸಹಿ ಹಾಕಿದರೆ, ಆಟ ಕಲಿಸಬೇಕಾದ ಮೊದಲ ಪಾಠವನ್ನೇ ನಾವು ಅಳಿಸಿದಂತಾಗುತ್ತದೆ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಇನ್ನೂ ಬದಲಾಗುತ್ತಲೇ ಇವೆ. ಮುಂದಿನ ವರ್ಷಗಳಲ್ಲಿ ಇನ್ನಷ್ಟು ರಾಜ್ಯಗಳು ಒಂದು ಸಲದ ಮುಕ್ತ ವರ್ಗಾವಣೆಯತ್ತ ವಾಲಬಹುದೆಂಬ ಲಕ್ಷಣಗಳಿವೆ. ಯಾವ ದಾರಿ ಹಿಡಿದರೂ, ಗೆಲುವಿನ ಕಪ್ಪಿಗಿಂತ ಆಡುವ ಮಗು ದೊಡ್ಡದು ಎಂಬುದನ್ನು ನಿಯಮ ಬರೆಯುವವರೂ ಅರ್ಜಿ ತುಂಬುವವರೂ ಮರೆಯದಿರಲಿ ಎಂದು ನಾವು ಹಾರೈಸುತ್ತೇವೆ.